ಡೆಂಗಿ ಬಂದ ಹುಡುಗನಿಗೆ 11 ಸಲ ಟೂಡಿ ಎಕೋ: ಬೇಕಿತ್ತಾ, ಇಲ್ಲಾ ಬಿಲ್ ಬೆಳೆಸಿದ್ದಾ?

ಕಲ್ಯಾಣ್_ಸ್ಲೋ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಅಕ್ಕನ ಮಗ, 22 ವರ್ಷ, ಗಟ್ಟಿಮುಟ್ಟು ಹುಡುಗ. ಇಲ್ಲಿನ ಢೋಲ್-ತಾಶಾ ಪಥಕದಲ್ಲಿ (ಗಣಪತಿ ಮೆರವಣಿಗೆಯಲ್ಲಿ ಬಾರಿಸುವ ತಂಡ) ಢೋಲ್ ಹೊಡೆಯುತ್ತಾನೆ. ಜುಲೈ ಕೊನೆಗೆ ಜ್ವರ ಬಂತು. ಡೆಂಗಿ ಪಾಸಿಟಿವ್. ಮನೆ ಹತ್ತಿರದ ಸಣ್ಣ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನ ಮನೆಯವರದೆಲ್ಲ ಒಂದೇ ಜಪ, ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಅಕ್ಕ ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದಳು.

ಅದೇ ಸಂಜೆ ಕೈಕಾಲು ತಣ್ಣಗಾಯಿತು. ಬಿಪಿ 80ಕ್ಕೆ ಇಳಿಯಿತು. ಸಲೈನ್ ಮೇಲೆ ಸಲೈನ್ ಹಾಕಿದರು. ಬಿಪಿ ಏರಲಿಲ್ಲ, ಉಸಿರು ಕಟ್ಟತೊಡಗಿತು. ಮಲಗಿದರೆ ಆಗುತ್ತಲೇ ಇರಲಿಲ್ಲ, ಎದ್ದು ಕೂತೇ ಇದ್ದ. ರಾತ್ರಿ ಡ್ಯೂಟಿಗೆ ಬಂದ ಡಾಕ್ಟರಮ್ಮ, ಬಹುಶಃ ಮೂವತ್ತೂ ಆಗಿರಲಿಕ್ಕಿಲ್ಲ, ಒಂದು ಸಣ್ಣ ಯಂತ್ರ ತಳ್ಳಿಕೊಂಡು ಬಂದು, ಎದೆಗೆ ಜೆಲ್ ಹಚ್ಚಿ ಎರಡು ನಿಮಿಷ ನೋಡಿದರು. ನೋಡಿದವರೇ ಸಲೈನ್ ನಿಧಾನ ಮಾಡಿಸಿದರು. ಹೃದಯದ ಪಂಪಿಂಗ್ 25 ಮಾತ್ರ ಇದೆ, ವೈರಸ್ ಹೃದಯಕ್ಕೆ ಹೋಗಿದೆ, ಈಗಲೇ ಶಿಫ್ಟ್ ಮಾಡಿ ಅಂದರು. ರಾತ್ರಿ ಒಂದು ಗಂಟೆಗೆ ಆಂಬ್ಯುಲೆನ್ಸ್‌ನಲ್ಲಿ ಠಾಣೆ ಊರಿನ ಆಸ್ಪತ್ರೆಗೆ.

ಅಲ್ಲಿ ಒಂಬತ್ತು ದಿನ ಐಸಿಯು. ಹುಡುಗ ಬದುಕಿ ಮನೆಗೆ ಬಂದ, ದೇವರು ದೊಡ್ಡವನು. ಈಗ ಬಿಲ್ ನೋಡಿದರೆ ಟೂಡಿ ಎಕೋ (ಅಲ್ಟ್ರಾಸೌಂಡ್‌ನಿಂದ ಹೃದಯ ನೋಡುವ ಪರೀಕ್ಷೆ) 11 ಸಲ, ಒಂದಕ್ಕೆ 2,800 ರೂಪಾಯಿ. ಇನ್ಶೂರೆನ್ಸ್‌ನವರು ಎರಡಕ್ಕೆ ಮಾತ್ರ ಒಪ್ಪಿದ್ದಾರೆ. ಭಾವ ಕೆಂಡವಾಗಿದ್ದಾರೆ, ಇದು ಹಗಲು ದರೋಡೆ ಅಂತ. ನನಗೆ ಮೂರು ಪ್ರಶ್ನೆ:

ಅಷ್ಟು ಸಲ ನೋಡುವ ಅಗತ್ಯ ಇತ್ತಾ? ಡಿಸ್ಚಾರ್ಜ್ ದಿನ ಇಎಫ್ (ಹೃದಯದ ಪಂಪಿಂಗ್ ಶೇಕಡಾ) 45, ವಾರದ ನಂತರ ಹೊರಗಿನ ಲ್ಯಾಬ್‌ನಲ್ಲಿ 55, ಯಾವುದು ಸರಿ? ಇನ್ನೊಂದು, ಇವನು ಗಣಪತಿಗೆ ಢೋಲ್ ಹೊಡೆಯಬಹುದಾ? ದಿನಾ ಇದನ್ನೇ ಕೇಳಿ ತಲೆ ತಿನ್ನುತ್ತಿದ್ದಾನೆ.

ಮಾಟುಂಗಾ_ಮಾಣಿ

ದರೋಡೆಯೇ ಮಾರಾಯ್ರೆ, ಅದರಲ್ಲಿ ಸಂಶಯ ಏನು? 11 ಸಲ! ನಮ್ಮ ಹೋಟೆಲಲ್ಲಿ ಒಂದೇ ದೋಸೆಗೆ 11 ಸಲ ಬಿಲ್ ಹಾಕಿದರೆ ಗಿರಾಕಿ ಸುಮ್ನೆ ಇರ್ತಾನಾ?

ಪೇಡೆ_ಪುಣೆ

ಪಪ್ಪಾಯಿ ಎಲೆ ರಸ ಕೊಟ್ಟಿದ್ರಾ? ನಮ್ಮ ಕಾಕೂಗೆ ಅದರಿಂದಲೇ ಪ್ಲೇಟ್‌ಲೆಟ್ ಏರಿತು ನೋಡ್ರಿ.

ಐಸಿಯು_ಅಕ್ಕ (ಮುಲುಂಡ್)

ಬಂತಲ್ಲ ಪಪ್ಪಾಯಿ! ಹತ್ತು ಕಾಮೆಂಟ್ ಆದರೂ ಆಗಲಿ ಅಂತ ಕಾಯುತ್ತಿದ್ದೆ, ಎರಡನೆಯದಕ್ಕೇ ಬಂತು.

ನಾನು ಕಾರ್ಕಳದವಳು, ಮುಂಬಯಿಯಲ್ಲಿ ಐಸಿಯು ನರ್ಸ್ ಆಗಿ 14 ವರ್ಷ. ಪ್ಲೇಟ್‌ಲೆಟ್ ಜಪ ಮಾಡುವವರಿಗೆಲ್ಲ ಒಂದು ಮಾತು. ಡೆಂಗಿಯಲ್ಲಿ ಜನ ಜಾಸ್ತಿ ಹೋಗುವುದು ಪ್ಲೇಟ್‌ಲೆಟ್ ಇಳಿದು ಅಲ್ಲ. ರಕ್ತನಾಳ ಸೋರಿ, ರಕ್ತದ ನೀರಿನ ಅಂಶ ಹೊರಗೆ ಹೋಗಿ ಬಿಪಿ ಬೀಳುತ್ತದೆ. ಅದೂ ಯಾವಾಗ? ಜ್ವರ ಬಿಟ್ಟ ಹೊತ್ತಿಗೆ. ಆ 24ರಿಂದ 48 ಗಂಟೆಯೇ ಕಷ್ಟದ್ದು. ಮನೆಯವರು ಆವಾಗಲೇ ನಿಟ್ಟುಸಿರು ಬಿಟ್ಟು ಟೀ ಕುಡಿಯಲು ಹೋಗಿರುತ್ತಾರೆ. ನಿಮ್ಮ ಅಕ್ಕ ದೀಪ ಹಚ್ಚಿದ್ದು ತಪ್ಪಲ್ಲ, ಪಾಪ. ಯಾರೂ ಅವರಿಗೆ ಹೇಳಿರಲಿಕ್ಕಿಲ್ಲ ಅಷ್ಟೇ.

ಕಲ್ಯಾಣ್_ಸ್ಲೋ

ನಿಜ ಅಕ್ಕ, ಯಾರೂ ಹೇಳಿರಲಿಲ್ಲ. ಆದರೆ ಸೋರುತ್ತಿದೆ ಅಂದಮೇಲೆ ಸಲೈನ್ ಹಾಕಬೇಕು ತಾನೇ? ಡಾಕ್ಟರಮ್ಮ ಯಾಕೆ ತಡೆದರು?

ಪರೇಲ್_ವೈದ್ಯ

ನಾನು ಐಸಿಯು ಡಾಕ್ಟರ್, ಬಿಜಾಪುರದ ಕಡೆಯವನು. ಇಲ್ಲಿ ಹೇಳುವುದು ಸಾಮಾನ್ಯ ವಿಷಯ, ನಿಮ್ಮ ಹುಡುಗನ ಫೈಲ್ ನಾನು ನೋಡಿಲ್ಲ.

ನಿಮ್ಮ ಈ ಪ್ರಶ್ನೆಯಲ್ಲೇ ಎಲ್ಲ ಇದೆ. ಡೆಂಗಿಯಲ್ಲಿ ಬಿಪಿ ಬಿದ್ದರೆ ಮೊದಲ ಮದ್ದು ಸಲೈನೇ. ಅದು ತಪ್ಪಲ್ಲ, ಮೊದಲ ಆಸ್ಪತ್ರೆಯವರನ್ನು ಬಯ್ಯಬೇಡಿ. ಆದರೆ ಕೆಲವರಲ್ಲಿ ವೈರಸ್ ಹೃದಯದ ಸ್ನಾಯುವನ್ನೂ ಊದಿಸುತ್ತದೆ. ಮಯೋಕಾರ್ಡೈಟಿಸ್ ಅನ್ನುತ್ತಾರೆ. ಡೆಂಗಿ ಒಂದೇ ಅಲ್ಲ, ಕಾಕ್ಸಾಕಿ, ಅಡೆನೋ, ಪಾರ್ವೋ, ಇನ್‌ಫ್ಲುಯೆಂಜಾ, ಕೋವಿಡ್, ಚಿಕುನ್‌ಗುನ್ಯಾ ಎಲ್ಲವೂ ಮಾಡಬಲ್ಲವು. ಆಗ ಬಿಪಿ ಬೀಳುವುದು ಪಂಪು ಸೋತದ್ದರಿಂದ. ಸೋತ ಪಂಪಿಗೆ ಲೀಟರ್‌ಗಟ್ಟಲೆ ನೀರು ಬಿಟ್ಟರೆ ಅದು ಹಿಂದಕ್ಕೆ ಸರಿದು ಶ್ವಾಸಕೋಶ ತುಂಬುತ್ತದೆ. ಹುಡುಗ ಎದ್ದು ಕೂತೇ ಇದ್ದ ಅಂದಿರಲ್ಲ, ಅದೇ.

ಹೊರಗಿಂದ ನೋಡಿದರೆ ಎರಡೂ ಒಂದೇ. ತಣ್ಣನೆ ಕೈಕಾಲು, ಕಡಿಮೆ ಬಿಪಿ, ಓಡುವ ನಾಡಿ. ಒಬ್ಬನಿಗೆ ನೀರು ಬೇಕು, ಇನ್ನೊಬ್ಬನಿಗೆ ನೀರೇ ವಿಷ. ಹಾಸಿಗೆ ಪಕ್ಕದಲ್ಲಿ ಎರಡು ನಿಮಿಷದಲ್ಲಿ ಇದನ್ನು ಬೇರೆ ಮಾಡಿ ತೋರಿಸುವುದು ಎಕೋ. ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆ, ಹಿಂಡುತ್ತಿದೆಯಾ? ಖಾಲಿ ಇದೆಯಾ, ತುಂಬಿದೆಯಾ? ಸುತ್ತಲಿನ ಚೀಲದಲ್ಲಿ ನೀರು ನಿಂತಿದೆಯಾ? ಹೊಟ್ಟೆಯಿಂದ ಹೃದಯಕ್ಕೆ ಬರುವ ದೊಡ್ಡ ರಕ್ತನಾಳ ಉಸಿರು ಎಳೆದಾಗ ಕುಗ್ಗುತ್ತದೆಯಾ? ಅದು 2.1 ಸೆಂ.ಮೀ.ಗಿಂತ ದಪ್ಪವಾಗಿ ಕುಗ್ಗದೇ ನಿಂತಿದ್ದರೆ ಬಲಗಡೆ ಒತ್ತಡ ಜಾಸ್ತಿ ಅಂತ ಅರ್ಥ, ಸಲೈನ್ ಕೈ ಬಿಗಿಹಿಡಿಯಬೇಕು. ಆ ಡಾಕ್ಟರಮ್ಮ ಇಷ್ಟನ್ನೇ ನೋಡಿರುತ್ತಾರೆ. ಅವರಿಗೆ ಒಂದು ಡಬ್ಬಿ ಸಿಹಿ ಕೊಟ್ಟು ಬನ್ನಿ.

ಮಾಟುಂಗಾ_ಮಾಣಿ

ಒಂದು ಸಲ ನೋಡಿದ್ದು ಸರಿ ಡಾಕ್ಟ್ರೇ. ಮತ್ತೆ ಹತ್ತು ಸಲ ಯಾಕೆ? ಹೃದಯ ಏನು ಗಂಟೆಗೊಂದು ವೇಷ ಹಾಕ್ತದಾ?

ಪರೇಲ್_ವೈದ್ಯ

ಈ ಕಾಯಿಲೆಯಲ್ಲಿ ಹಾಕುತ್ತದೆ. ಅದೇ ತಮಾಷೆ. ಬೆಳಿಗ್ಗೆ 40 ಇದ್ದ ಇಎಫ್ ರಾತ್ರಿಗೆ 15 ಆಗಿದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು ವಿಷಯ. ಸೋತ ಹೃದಯ ಅಂದರೆ ಊದಿ ದೊಡ್ಡದಾಗಿರುತ್ತದೆ ಅಂತ ಎಲ್ಲರ ಲೆಕ್ಕ. ವರ್ಷಗಟ್ಟಲೆ ಸೋತ ಹೃದಯ ಹಾಗಿರುತ್ತದೆ. ದಿಢೀರನೆ ಬಂದ ಜೋರಿನ ಮಯೋಕಾರ್ಡೈಟಿಸ್‌ನಲ್ಲಿ ಹಿಗ್ಗಲು ಸಮಯವೇ ಇರುವುದಿಲ್ಲ. ಕೋಣೆಯ ಅಳತೆ ಹೆಚ್ಚುಕಡಿಮೆ ಮಾಮೂಲಿ, ಗೋಡೆಗಳು ಮಾತ್ರ ಬಾವು ಬಂದು ದಪ್ಪ. ಎಕ್ಸ್‌ರೇಯಲ್ಲಿ ಹೃದಯ ಚಂದವೇ ಕಾಣಬಹುದು. ಎಕೋದಲ್ಲಿ ದಪ್ಪ ಗೋಡೆ ಅಲುಗಾಡದೇ ನಿಂತಿರುತ್ತದೆ. ಬಾವು ಇಳಿದ ಹಾಗೆ ಗೋಡೆ ತೆಳ್ಳಗಾಗುವುದೂ ಅದರಲ್ಲೇ ಕಾಣುತ್ತದೆ.

ಕಲ್ಯಾಣ್_ಸ್ಲೋ

ಸರ್, ಒಂದು ವಿಚಿತ್ರ ನೋಡಿದ್ದೆ. ಠಾಣೆಯಲ್ಲಿ ಎರಡನೇ ದಿನ ಒಬ್ಬರು ಎದೆ ಮೇಲೆ ಯಂತ್ರ ಇಟ್ಟುಕೊಂಡು, ಇನ್ನೊಬ್ಬರಿಗೆ ಇವನ ಕಾಲು ಎತ್ತಲು ಹೇಳಿದರು. ಒಂದು ನಿಮಿಷ ಹಾಗೇ. ಅಕ್ಕ ಗಾಬರಿಯಾಗಿ ಅಳಲು ಶುರು ಮಾಡಿದಳು, ಏನೋ ಆಗಿಹೋಯಿತು ಅಂತ. ಅದು ಏನು?

ಪರೇಲ್_ವೈದ್ಯ

ಅಯ್ಯೋ, ಅವರಿಗೆ ಮೊದಲೇ ಹೇಳಬೇಕಿತ್ತು. ಅದು ಬಹಳ ಚಂದದ ಪರೀಕ್ಷೆ. ಕಾಲು ಎತ್ತಿದರೆ ಕಾಲಿನಲ್ಲಿರುವ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆ ಹರಿಯುತ್ತದೆ. ಅಂದರೆ ಬಾಟಲಿ ಇಲ್ಲದೇ ಸಲೈನ್ ಕೊಟ್ಟು ನೋಡಿದ ಹಾಗೆ. ಆಗ ಹೃದಯದಿಂದ ಹೊರಡುವ ರಕ್ತ ಶೇ. 10-15 ಹೆಚ್ಚಾದರೆ ನೀರು ಕೊಡಬಹುದು. ಹೆಚ್ಚಾಗದಿದ್ದರೆ ಕೊಡಬೇಡಿ, ಬಲ ಕೊಡುವ ಔಷಧಿ ಏರಿಸಿ. ಕಾಲು ಇಳಿಸಿದರೆ ರಕ್ತ ವಾಪಸ್, ಯಾವ ಹಾನಿಯೂ ಇಲ್ಲ.

ಹೊರಡುವ ರಕ್ತ ಅಳೆಯುವುದು ಎಕೋ ಯಂತ್ರದಲ್ಲೇ ರಕ್ತದ ಓಟ ತೋರಿಸುವ ಡಾಪ್ಲರ್‌ನಿಂದ. ಹೃದಯದ ಬಾಗಿಲಿನ ಅಗಲ 2 ಸೆಂ.ಮೀ. ಅಂದರೆ ಕ್ಷೇತ್ರಫಲ 3.14. ಪ್ರತಿ ಬಡಿತಕ್ಕೆ ರಕ್ತ 20 ಸೆಂ.ಮೀ. ದೂರ ಓಡಿದರೆ ಸುಮಾರು 63 ಮಿ.ಲೀ. 10 ಸೆಂ.ಮೀ. ಮಾತ್ರ ಓಡಿದರೆ 31. ಈ ಓಟದ ದೂರಕ್ಕೆ ವಿಟಿಐ ಅನ್ನುತ್ತಾರೆ. ಮನೆಯವರೆಲ್ಲ ಇಎಫ್ ಹಿಡಿದುಕೊಂಡು ಕೂರುತ್ತಾರೆ. ನಾವು ರಾತ್ರಿಯೆಲ್ಲ ನೋಡುವುದು ಈ ಓಟವನ್ನೇ.

ಕೊತ್ರೂಡ್_ಕಾಕಾ

ನಾನು ಡಾಕ್ಟರ್ ಅಲ್ಲ. ಪಿಂಪ್ರಿ ಕಡೆ ಕಾರ್ಖಾನೆಯಲ್ಲಿ 31 ವರ್ಷ ಕ್ವಾಲಿಟಿಯಲ್ಲಿದ್ದು ರಿಟೈರ್ ಆದವ. ಎರಕದ ಒಳಗೆ ಬಿರುಕು ಇದೆಯಾ ಅಂತ ಅಲ್ಟ್ರಾಸೌಂಡ್ ಹಿಡಿದು ನೋಡುವುದೇ ನನ್ನ ಕೆಲಸವಾಗಿತ್ತು. ಅಲ್ಲೂ ಜೆಲ್ ಹಚ್ಚಬೇಕು, ಇಲ್ಲದಿದ್ದರೆ ನಡುವೆ ಗಾಳಿ ಸೇರಿ ಶಬ್ದ ಒಳಗೆ ಹೋಗುವುದೇ ಇಲ್ಲ.

ನನ್ನ ಬೈಪಾಸ್‌ಗೆ ಮುಂಚೆ ಎಕೋ ಮಾಡುವಾಗ ಆ ಹುಡುಗನಿಗೆ ಹೇಳಿದೆ, ತಮ್ಮಾ, ಇದು ನಮ್ಮ ಯಂತ್ರ ಅಂತ. ಅವನು ನಕ್ಕ. ಆದರೆ ಮಾತು ಸುಳ್ಳಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಅನ್ನುವ ಹೃದಯದ ಡಾಕ್ಟರ್ ಮತ್ತು ಹರ್ಟ್ಸ್ ಅನ್ನುವ ಭೌತಶಾಸ್ತ್ರಜ್ಞ ಸೇರಿ ಮೊದಲ ಎಕೋ ಮಾಡಿದ್ದು ಸಾಲ ತಂದ ಬಿರುಕು ಹುಡುಕುವ ಯಂತ್ರದಲ್ಲಿ! ಲೋಹದ ಬಿರುಕು ನೋಡುವುದು ಮನುಷ್ಯನ ಎದೆಗೆ ಬಂತು.

ಪೇಡೆ_ಪುಣೆ

ಕಾಕಾ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1968ರಲ್ಲೇ ಹೃದಯ ಕಸಿ ಮಾಡಿದ್ದರಂತಲ್ರೀ?

ಕೊತ್ರೂಡ್_ಕಾಕಾ

ಹೌದಪ್ಪಾ, ಡಾ. ಪಿ.ಕೆ. ಸೇನ್ ಮಾಡಿದ್ದು, ಫೆಬ್ರುವರಿಯಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಬರ್ನಾರ್ಡ್ ಜಗತ್ತಿನ ಮೊದಲ ಹೃದಯ ಕಸಿ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಕೆಲವೇ ಗಂಟೆ ಬದುಕಿದ. ಆದರೂ ಆ ಕಾಲಕ್ಕೆ ಎಂಥ ಧೈರ್ಯ ನೋಡು. ಪುಣೆಯೂ ಕಡಿಮೆ ಇಲ್ಲ ಮತ್ತೆ. ನಮ್ಮ ಶಿವಮೊಗ್ಗದ ಮಂಗನ ಕಾಯಿಲೆಯ ವೈರಸ್ ಕಂಡುಹಿಡಿದದ್ದು 1957ರಲ್ಲಿ ಇಲ್ಲಿನ ವೈರಸ್ ಸಂಶೋಧನಾ ಕೇಂದ್ರದವರೇ. ಈಗ ಅದೇ ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ).

ನಿರ್ವಾಹಕ

ಕಾಕಾ, ಪೇಡೆ, ಪುಣೆ ಮುಂಬಯಿ ಜಗಳಕ್ಕೆ ಬೇರೆ ಎಳೆ ಇದೆ. ವಿಷಯಕ್ಕೆ ಬನ್ನಿ.

ವಾಸ್ಕೋ_ವಿಜಯಾ

ನಾನು ಹೇಳಲಾ? 2021ರಲ್ಲಿ ನನ್ನ ತಮ್ಮನಿಗೆ ಕೋವಿಡ್ ಬಂದು ವಾಸಿಯಾಗಿತ್ತು. ಎರಡು ವಾರದ ನಂತರ ಎದೆ ಭಾರ, ಬಿಪಿ ಕಡಿಮೆ. ನಮ್ಮ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಿಶ್ಶಕ್ತಿ ಅಂತ ಹೇಳಿ ವಿಟಮಿನ್ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಬಾತ್‌ರೂಮಿನಲ್ಲಿ ಬಿದ್ದ. ಪಣಜಿ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಜುವಾರಿ ಸೇತುವೆ ಮೇಲೆ ಟ್ರಾಫಿಕ್. ಆಗ ಹೊಸ ಸೇತುವೆ ತೆರೆದಿರಲಿಲ್ಲ. ಆ ಇಪ್ಪತ್ತು ನಿಮಿಷ ನನ್ನ ಆಯುಷ್ಯ ತಿಂದಿದೆ.

ಅಲ್ಲಿ ಎಕೋ ಇಟ್ಟ ಕೂಡಲೇ ಗೊತ್ತಾಯಿತು, ಹೃದಯದ ಸುತ್ತ ಚೀಲದಲ್ಲಿ ನೀರು ತುಂಬಿ ಹೃದಯವನ್ನು ಒತ್ತುತ್ತಿದೆ ಅಂತ. ಎಕೋದಲ್ಲಿ ನೋಡುತ್ತಲೇ ಸೂಜಿ ಹಾಕಿ ಅರ್ಧ ಲೀಟರ್ ಹತ್ತಿರ ತೆಗೆದರು. ತೆಗೆಯುತ್ತಿದ್ದ ಹಾಗೆ ಬಿಪಿ ಏರಿತು. ಆಮೇಲೆ ನಾಲ್ಕು ದಿನ, ದಿನಾ ನೋಡುತ್ತಿದ್ದರು, ಮತ್ತೆ ತುಂಬುತ್ತದಾ ಅಂತ. ನನಗೆ ಒಂದು ಸಲವೂ ಜಾಸ್ತಿ ಆಯಿತು ಅನ್ನಿಸಲಿಲ್ಲ. ಇನ್ನೂ ಎರಡು ಸಲ ನೋಡಿ ಅನ್ನುತ್ತಿದ್ದೆ.

ಮಾಟುಂಗಾ_ಮಾಣಿ

ವಿಜಯಕ್ಕ, ತಮ್ಮ ಚೆನ್ನಾಗಿದ್ದಾರಲ್ಲ ಈಗ? ಅದು ಮುಖ್ಯ. ಆದ್ರೂ ನಾಲ್ಕು ಸಲ ಬೇರೆ, ಹನ್ನೊಂದು ಸಲ ಬೇರೆ. ನಾನು ಬಿಡುವವನಲ್ಲ.

ಐಸಿಯು_ಅಕ್ಕ

ಮಾಣಿಯವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೇಳುತ್ತೇನೆ ಕೇಳಿ.

ಎಕೋದಲ್ಲಿ ಎರಡು ಥರ. ಒಂದು ಪೂರ್ತಿ ಎಕೋ. ರೋಗಿಯನ್ನು ಎಡಕ್ಕೆ ಮಲಗಿಸಿ, ಅರ್ಧ ಗಂಟೆ, ಕವಾಟ ಎಲ್ಲ ಅಳೆದು, ಚಿತ್ರ ಉಳಿಸಿ, ಸಹಿ ಹಾಕಿದ ವರದಿ ಕೊಡುವುದು. ಇನ್ನೊಂದು ಐಸಿಯು ಡಾಕ್ಟರ್ ಇಣುಕಿ ನೋಡುವುದು. ಒಂದೇ ಪ್ರಶ್ನೆ, ಒಂದೇ ಉತ್ತರ, ಎರಡು ಮೂರು ನಿಮಿಷ. ಸ್ಟೆಥಾಸ್ಕೋಪ್ ಇಟ್ಟ ಹಾಗೆ. ಜೋರಿನ ಕೇಸಿನಲ್ಲಿ ದಿನಕ್ಕೆ ನಾಲ್ಕು ಸಲ ಇಣುಕಿದರೂ ತಪ್ಪಲ್ಲ, ಇಣುಕದಿದ್ದರೇ ತಪ್ಪು. ಆದರೆ ಇಣುಕಿದ್ದಕ್ಕೆಲ್ಲ ಪೂರ್ತಿ ಎಕೋ ದರ ಹಾಕಿದ್ದರೆ ಅದನ್ನು ನೀವು ಕೇಳಲೇಬೇಕು. ವರದಿ ಎಷ್ಟಿದೆ ಎಣಿಸಿ. ವರದಿ ಇಲ್ಲದ್ದಕ್ಕೆ 2,800 ಯಾಕೆ ಅಂತ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೇಳಿ. ಕೂಗಾಡಬೇಡಿ, ಕಾಗದದಲ್ಲಿ ಬರೆದು ಕೊಡಿ.

ಎಕ್ಮೋ ಮೇಲಿದ್ದ ಒಂದು ಹುಡುಗಿಯನ್ನು ನೋಡಿಕೊಂಡಿದ್ದೆ, ಹತ್ತೊಂಬತ್ತು ವರ್ಷ. ಹೃದಯ ನಿಂತೇ ಹೋದ ಹಾಗೆ ಇತ್ತು, ಹೊರಗಿನ ಯಂತ್ರವೇ ರಕ್ತ ಓಡಿಸುತ್ತಿತ್ತು. ಕೊಳವೆ ಸರಿ ಜಾಗದಲ್ಲಿದೆಯಾ, ಒಳಗೆ ರಕ್ತ ಹೆಪ್ಪುಗಟ್ಟುತ್ತಿದೆಯಾ, ಎಡಗಡೆ ಊದುತ್ತಿದೆಯಾ, ಎಲ್ಲದಕ್ಕೂ ಎಕೋ. ಆರನೇ ದಿನ ಯಂತ್ರದ ಓಟ ಕಡಿಮೆ ಮಾಡಿ ನೋಡುತ್ತಿದ್ದರು. ಪರದೆಯಲ್ಲಿ ಹೃದಯ ತಾನಾಗಿಯೇ ಹಿಂಡಿತು. ಕನ್ಸಲ್ಟೆಂಟ್ ಏನೂ ಮಾತಾಡಲಿಲ್ಲ, ಪ್ರೋಬ್ ತೆಗೆಯದೇ ಹಾಗೇ ನಿಂತಿದ್ದರು. ನಾವೆಲ್ಲ ಸುತ್ತ ಬಂದು ಇಣುಕಿದೆವು. ಅವತ್ತಿನ ಎಕೋಗೆ ಬಿಲ್ ಹಾಕಿದ್ದರಾ ಇಲ್ಲವಾ, ನನಗೆ ನೆನಪಿಲ್ಲ.

ಪರೇಲ್_ವೈದ್ಯ

ಅಕ್ಕ ಹೇಳಿದ್ದು ಸರಿ. ಎಕ್ಮೋ ತೆಗೆಯಬಹುದಾ ಅನ್ನಲು ಸಾಮಾನ್ಯವಾಗಿ ನೋಡುವ ಗುರುತು: ಯಂತ್ರ ಕಡಿಮೆ ಮಾಡಿದಾಗ ವಿಟಿಐ ಕನಿಷ್ಠ 10 ಸೆಂ.ಮೀ., ಇಎಫ್ 20-25 ದಾಟಿರಬೇಕು, ಬಿಪಿ ಬೀಳದೇ ನಿಲ್ಲಬೇಕು. ಇಎಫ್ 25 ಅಂದರೆ ಮನೆಯವರಿಗೆ ಭಯ, ಆ ಹೊತ್ತಿನಲ್ಲಿ ನಮಗೆ ಹಬ್ಬ!

ಪೇಡೆ_ಪುಣೆ

ಒಂದು ಪ್ರಶ್ನೆ. ಯಂತ್ರ ಅಷ್ಟು ಸಣ್ಣದಿದ್ದರೆ ಡಾಕ್ಟರ್ ಮನೆಗೇ ತಂದು ನೋಡಬಾರದೇಕೆ? ನಮ್ಮ ಅಜ್ಜಿಗೆ ಮೂರು ಮಹಡಿ ಇಳಿಯಲು ಆಗುವುದಿಲ್ಲ.

ಐಸಿಯು_ಅಕ್ಕ

ಕಾನೂನು ಇದೆ. ಎಕೋ ರೂಮಿನ ಹೊರಗೆ ಮರಾಠಿಯಲ್ಲಿ ಬೋರ್ಡ್ ನೋಡಿರುತ್ತೀರಿ, ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ ಅಂತ. ಹೃದಯ ನೋಡುವ ಕಡೆ ಆ ಬೋರ್ಡ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹೆಣ್ಣು ಭ್ರೂಣ ಹತ್ಯೆ ತಡೆಯಲು ಮಹಾರಾಷ್ಟ್ರ 1988ರಲ್ಲೇ ಕಾನೂನು ಮಾಡಿತು, ದೇಶಕ್ಕೇ ಮೊದಲು. ಕೇಂದ್ರದ್ದು 1994ರಲ್ಲಿ ಬಂತು. ಅಲ್ಟ್ರಾಸೌಂಡ್ ಯಂತ್ರ ಅಂದರೆ ನೋಂದಣಿ ಬೇಕು, ಕಂಡಕಂಡಲ್ಲಿ ಹೊತ್ತು ತಿರುಗುವ ಹಾಗಿಲ್ಲ. ನೋಂದಣಿ ಆದ ಆಸ್ಪತ್ರೆಯ ಒಳಗೆ ವಾರ್ಡಿಂದ ವಾರ್ಡಿಗೆ ಒಯ್ಯಬಹುದು.

ಪೇಡೆ_ಪುಣೆ

ಒಳ್ಳೆಯದಕ್ಕೇ ಮಾಡಿದ್ದು, ಆದರೆ ಅಜ್ಜಿ ಮೆಟ್ಟಿಲು ಇಳಿಯಲೇಬೇಕು ಅಂದಹಾಗಾಯಿತು. 😄

ಕಲ್ಯಾಣ್_ಸ್ಲೋ

45 ಮತ್ತು 55ರ ವಿಷಯ ಯಾರೂ ಹೇಳಲಿಲ್ಲ. ಭಾವ ಅನ್ನುತ್ತಾರೆ, ಆಸ್ಪತ್ರೆಯವರು ಹೆದರಿಸಲು ಕಡಿಮೆ ಬರೆದರು ಅಂತ.

ಪರೇಲ್_ವೈದ್ಯ

ಎರಡೂ ಸರಿ ಇರಬಹುದು. ಒಂದು ವಾರದಲ್ಲಿ ಹೃದಯ ನಿಜಕ್ಕೂ ಸುಧಾರಿಸಿರಬಹುದು. ಅದಲ್ಲದೇ ಇಎಫ್ ತಕ್ಕಡಿಯಲ್ಲಿ ತೂಗಿದ ಸಂಖ್ಯೆ ಅಲ್ಲ. ಕೆಲವರು ಕಣ್ಣಂದಾಜಿನಲ್ಲಿ ಹೇಳುತ್ತಾರೆ, ಕೆಲವರು ಗೆರೆ ಎಳೆದು ಅಳೆಯುತ್ತಾರೆ. ಒಂದೇ ರೋಗಿಯನ್ನು ಇಬ್ಬರು ನೋಡಿದರೆ 5ರಿಂದ 10 ಅಂಕ ಆಚೀಚೆ ಆಗುವುದು ಮಾಮೂಲಿ. ಇನ್ನು ಮುಂದೆ ಒಂದೇ ಕಡೆ, ಸಾಧ್ಯವಾದರೆ ಒಬ್ಬರ ಕೈಯಲ್ಲೇ ಮಾಡಿಸಿ. ಹಳೆಯ ಸಿಡಿ ಒಯ್ಯಿರಿ. ಬರೀ ವರದಿ ಕಾಗದ ಸಾಲದು.

ಎಕೋಗೂ ಮಿತಿ ಇದೆ. ಯಾವ ವೈರಸ್ ಅಂತ ಅದು ಹೇಳುವುದಿಲ್ಲ. ಸ್ನಾಯುವಿನಲ್ಲಿ ಗಾಯದ ಕಲೆ ಉಳಿದಿದೆಯಾ ಅಂತ ಸರಿಯಾಗಿ ತೋರಿಸುವುದು ಎಂಆರ್‌ಐ. ಇಎಫ್ 55 ಬಂದರೂ ಕಲೆ ಇರಬಹುದು, ಆ ಕಲೆಯಿಂದ ಬಡಿತ ತಪ್ಪಬಹುದು. ನಿಮ್ಮ ಹೃದಯದ ಡಾಕ್ಟರನ್ನು ಎಂಆರ್‌ಐ ಬೇಕಾ ಅಂತ ಕೇಳಿ.

ಮತ್ತೆ ಢೋಲ್. ಈ ವರ್ಷ ಬೇಡ. ಸಾಮಾನ್ಯ ಸಲಹೆ ಮೂರರಿಂದ ಆರು ತಿಂಗಳು ದಣಿಯುವ ಕೆಲಸ ಬೇಡ ಅಂತ. ಆಮೇಲೆ ಎಕೋ, 24 ಗಂಟೆ ಇಸಿಜಿ, ಟ್ರೆಡ್‌ಮಿಲ್ ನೋಡಿ ಬಿಡುತ್ತಾರೆ. ಸೊಂಟಕ್ಕೆ ಢೋಲ್ ಕಟ್ಟಿಕೊಂಡು ಬಿಸಿಲಲ್ಲಿ ನಾಲ್ಕು ಗಂಟೆ ಹೊಡೆಯುವುದು ಕ್ರಿಕೆಟ್‌ಗಿಂತ ಕಷ್ಟ. ನೋವಿಗೆ ಅಂತ ಮೆಡಿಕಲ್‌ನಿಂದ ಸುಮ್ನೆ ಬ್ರೂಫೆನ್ ತಂದು ನುಂಗಬಾರದು, ಅದನ್ನೂ ಹೇಳಿ.

ಮಾಟುಂಗಾ_ಮಾಣಿ

ನಾನು ಬೆಳಿಗ್ಗೆ ದರೋಡೆ ಅಂದವ. ಈಗ ಹೇಳ್ತೇನೆ, ನೋಡಿದ್ದು ಸರಿ, ಬಿಲ್ ಹಾಕಿದ್ದು ಸರಿ ಇಲ್ಲ. ಕೂತು ಮಾತಾಡಿದ್ದಕ್ಕೆ ನಾನು ಸರ್ವಿಸ್ ಚಾರ್ಜ್ ಹಾಕುವುದಿಲ್ಲ.

ಕಲ್ಯಾಣ್_ಸ್ಲೋ (ಮೂರು ವಾರದ ನಂತರ)

ಎಲ್ಲರಿಗೂ ಅಪ್‌ಡೇಟ್. ಐಸಿಯು ಅಕ್ಕ ಹೇಳಿದ ಹಾಗೆ ವರದಿ ಎಣಿಸಿದೆ. ಸಹಿ ಇದ್ದದ್ದು ನಾಲ್ಕು. ಬರೆದು ಕೊಟ್ಟೆ. ಎರಡು ಸಲ ಓಡಾಡಿಸಿದರು, ಕೊನೆಗೆ ಉಳಿದ ಏಳಕ್ಕೆ ಹಾಕಿದ್ದ 19,600 ರೂಪಾಯಿ ವಾಪಸ್ ಕೊಟ್ಟರು. ಇನ್ಶೂರೆನ್ಸ್‌ನವರು ನಾಲ್ಕಕ್ಕೂ ಒಪ್ಪಿದರು. ಭಾವ ಈಗ ಎಲ್ಲರಿಗೂ ತಾನೇ ಜಗಳಾಡಿ ತಂದ ಹಾಗೆ ಹೇಳುತ್ತಿದ್ದಾರೆ, ಹೇಳಲಿ ಬಿಡಿ.

ಆ ಸಣ್ಣ ಆಸ್ಪತ್ರೆಗೆ ಸಿಹಿ ತೆಗೆದುಕೊಂಡು ಹೋಗಿದ್ದೆವು. ಡಾಕ್ಟರಮ್ಮ ರಾತ್ರಿ ಡ್ಯೂಟಿಯಂತೆ, ಸಿಗಲಿಲ್ಲ. ರಿಸೆಪ್ಷನ್‌ನಲ್ಲಿ ಕೊಟ್ಟು ಬಂದೆವು.

ಹುಡುಗ ಪಥಕದ ಜೊತೆ ಹೋಗುತ್ತಾನಂತೆ, ನೀರಿನ ಬಾಟಲಿ ಹಂಚಲು. ಢೋಲ್ ಮನೆಯಲ್ಲೇ ಇದೆ. ಅಕ್ಕ ಅದರ ಮೇಲೆ ಒಗೆದ ಬಟ್ಟೆ ಮಡಚಿಟ್ಟಿದ್ದಾಳೆ.